ಆಕಾಶದ ಧೂಳು, ರಾಕೆಟ್ಟಿನ ಲೆಕ್ಕ

ಬೇಸಿಗೆ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಜನರಿಗೆ ಧೂಳು ಹೊಸದೇನಲ್ಲ. ಆದರೆ ನಮ್ಮ ತಲೆಯ ಮೇಲೆ 80 ಕಿ.ಮೀ. ಎತ್ತರದಲ್ಲೂ ಧೂಳಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಹೋಗಿ ಬರುವಷ್ಟು ದೂರವನ್ನು ನೇರವಾಗಿ ಮೇಲಕ್ಕೆ ಹೋದರೆ ಈ ಧೂಳು ಸಿಗುತ್ತದೆ. ಅದು ನಮ್ಮ ಎರೆ ಹೊಲದ ಧೂಳಲ್ಲ, ಉಲ್ಕೆಗಳ ಧೂಳು. ರಾಕೆಟ್ ಕಳಿಸಿ ವಿಜ್ಞಾನಿಗಳು ಮಾಡುವ ಅಳತೆಯನ್ನು ಏರುಪೇರು ಮಾಡುವ ಶಕ್ತಿ ಅದಕ್ಕಿದೆ.

ಧೂಳು ಎಲ್ಲಿಂದ ಬಂತು?

ದಿನವೂ ಹತ್ತಾರು ಟನ್ ಬಾಹ್ಯಾಕಾಶದ ಕಣಗಳು ಭೂಮಿಯ ವಾತಾವರಣಕ್ಕೆ ನುಗ್ಗುತ್ತವೆ ಎಂಬುದು ಒಂದು ಅಂದಾಜು. 70ರಿಂದ 110 ಕಿ.ಮೀ. ಎತ್ತರದಲ್ಲಿ ಅವುಗಳಲ್ಲಿ ಬಹುಪಾಲು ಉರಿದು ಆವಿಯಾಗುತ್ತವೆ. ಆ ಆವಿ ತಣಿದು ಮತ್ತೆ ಕಣಗಳಾಗುತ್ತದೆ. ಇವು ಎಷ್ಟು ಸಣ್ಣವೆಂದರೆ ಒಂದು ಕಣದ ಗಾತ್ರ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ ಮಾತ್ರ. ಇದನ್ನು ಉಲ್ಕಾ ಹೊಗೆ ಎನ್ನುತ್ತಾರೆ.

ಅದೇ ಎತ್ತರದಲ್ಲಿ ಸೂರ್ಯನ ಕಿರಣಗಳು ಗಾಳಿಯ ಅಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಬಿಡಿ ಇಲೆಕ್ಟ್ರಾನುಗಳೂ ಧನ ಅಯಾನುಗಳೂ ಬೆರೆತ ಈ ಸ್ಥಿತಿಯೇ ಪ್ಲಾಸ್ಮಾ. ಇಲೆಕ್ಟ್ರಾನ್ ತೀರ ಹಗುರ, ಓಟ ಜೋರು. ಹಾಗಾಗಿ ಧೂಳಿನ ಕಣಕ್ಕೆ ಅಯಾನಿಗಿಂತ ಮೊದಲು ಅದೇ ಬಂದು ಅಂಟುತ್ತದೆ, ಕಣ ಋಣ ಆವೇಶ ಪಡೆಯುತ್ತದೆ. ಹಗಲಿನಲ್ಲಿ ಸೂರ್ಯನ ಬೆಳಕು ಕೆಲವು ಕಣಗಳಿಂದ ಇಲೆಕ್ಟ್ರಾನನ್ನು ಕಿತ್ತು ಅವನ್ನು ಧನ ಆವೇಶದವನ್ನಾಗಿಯೂ ಮಾಡಬಹುದು. ಚಾದರ ನೇಯುವ ಊರಿನವರಿಗೆ ಆವೇಶದ ಆಟ ಗೊತ್ತಿದ್ದದ್ದೇ. ಒಣ ಹವೆಯಲ್ಲಿ ನೂಲಿಗೆ ಹತ್ತಿಯ ನವಿರು ಅಂಟಿಕೊಳ್ಳುವುದಕ್ಕೂ ವಿದ್ಯುತ್ ಆವೇಶವೇ ಕಾರಣ.

ಅಳೆಯುವುದು ಹೇಗೆ?

ವಿಮಾನ, ಬಲೂನುಗಳು ಅಷ್ಟು ಎತ್ತರ ಹೋಗಲಾರವು. 2018 ಮತ್ತು 2019ರಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಸೊಲ್ಲಾಪುರದಲ್ಲಿ ಮೋಡ ಬಿತ್ತನೆಯ ಪ್ರಯೋಗ ನಡೆಸಿದಾಗ ವಿಮಾನಗಳು ಸಾಕಾದವು, ಏಕೆಂದರೆ ಮೋಡಗಳಿರುವುದು ಕೆಲವೇ ಕಿ.ಮೀ. ಎತ್ತರದಲ್ಲಿ. ಇನ್ನು ಉಪಗ್ರಹಗಳು 80 ಕಿ.ಮೀ.ನಷ್ಟು ಕೆಳಗೆ ಸುತ್ತಲಾರವು. ಆ ಪದರದ ಒಳಕ್ಕೇ ಹೋಗಿ ಅಳೆಯಬೇಕೆಂದರೆ ರಾಕೆಟ್ಟೇ ದಾರಿ.

ಕೇರಳದ ತುಂಬಾದಿಂದ ಭಾರತದ ಮೊದಲ ಶೋಧಕ ರಾಕೆಟ್ ಹಾರಿದ್ದು 1963ರ ನವೆಂಬರ್ 21ರಂದು. ಭೂಕಾಂತೀಯ ಸಮಭಾಜಕ ರೇಖೆಗೆ ಹತ್ತಿರವೆಂದೇ ಆ ಸ್ಥಳವನ್ನು ಆರಿಸಿದ್ದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಅಲ್ಲಿಂದ ಲ್ಯಾಂಗ್‌ಮ್ಯೂರ್ ಪ್ರೋಬ್ ಎಂಬ ಉಪಕರಣ ಕಳಿಸಿ ಇಲೆಕ್ಟ್ರಾನುಗಳನ್ನು ಅಳೆದರು. 2010ರ ಜನವರಿ 15ರ ಕಂಕಣ ಸೂರ್ಯಗ್ರಹಣದಲ್ಲೂ ತುಂಬಾದಿಂದ ರಾಕೆಟ್‌ಗಳು ಹಾರಿದವು.

ಈ ಪ್ರೋಬ್ ಎಂದರೆ ರಾಕೆಟ್ಟಿನಿಂದ ಹೊರಚಾಚಿದ ಒಂದು ಲೋಹದ ತುಂಡು. ಅದಕ್ಕೆ ಧನ ವೋಲ್ಟೇಜ್ ಕೊಟ್ಟರೆ ಇಲೆಕ್ಟ್ರಾನುಗಳು ಬಂದು ಬೀಳುತ್ತವೆ, ಋಣ ವೋಲ್ಟೇಜ್ ಕೊಟ್ಟರೆ ಅಯಾನುಗಳು. ಹರಿದ ವಿದ್ಯುತ್ತಿನಿಂದ ಎಷ್ಟು ಕಣಗಳಿವೆ ಎಂದು ಲೆಕ್ಕ ಹಾಕುತ್ತಾರೆ.

ಧೂಳು ಮಾಡುವ ಮೂರು ತೊಡಕು

ಮೊದಲನೆಯದು, ಇಲೆಕ್ಟ್ರಾನುಗಳೇ ಕಡಿಮೆಯಾಗುವುದು. ಒಂದು ಜಾಗದಲ್ಲಿ 1000 ಧನ ಅಯಾನು, 1000 ಇಲೆಕ್ಟ್ರಾನ್ ಇವೆ ಎಂದಿಟ್ಟುಕೊಳ್ಳಿ. 400 ಇಲೆಕ್ಟ್ರಾನುಗಳು ಧೂಳಿಗೆ ಅಂಟಿದರೆ ಬಿಡಿಯಾಗಿ ಉಳಿಯುವುದು 600. ಅಯಾನುಗಳೂ ಅಷ್ಟೇ ಇರಬೇಕೆಂದು ಊಹಿಸಿದರೆ ಲೆಕ್ಕ ತಪ್ಪಿತು. ಧ್ರುವ ಪ್ರದೇಶದ ಬೇಸಿಗೆಯಲ್ಲಿ ಇದೇ ಎತ್ತರದಲ್ಲಿ ಹಿಮದ ಕಣಗಳೂ ಹುಟ್ಟುತ್ತವೆ. ಅಲ್ಲಿ ಇಲೆಕ್ಟ್ರಾನುಗಳ ಸಂಖ್ಯೆ ತಟ್ಟನೆ ಕುಸಿಯುವುದನ್ನು ರಾಕೆಟ್‌ಗಳು ಕಂಡಿವೆ.

ಎರಡನೆಯದು, ರಾಕೆಟ್ಟಿನದೇ ಆವೇಶ. ಪ್ರೋಬಿನ ವೋಲ್ಟೇಜನ್ನು ರಾಕೆಟ್ಟಿನ ಮೈಗೆ ಹೋಲಿಸಿ ಅಳೆಯುತ್ತಾರೆ. ಸುತ್ತ ಇಲೆಕ್ಟ್ರಾನುಗಳು ಕಡಿಮೆಯಾದರೆ ಆ ಮೈಯ ವೋಲ್ಟೇಜೂ ಬದಲಾಗುತ್ತದೆ. ತಕ್ಕಡಿಯ ಮುಳ್ಳೇ ಸರಿದಿದ್ದರೆ ಜೋಳದ ತೂಕ ಸರಿ ಬಂದೀತೇ? ಇದೂ ಹಾಗೆಯೇ.

ಮೂರನೆಯದು, ನೇರ ಹೊಡೆತ. ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ವೇಗದ ರಾಕೆಟ್ಟಿಗೆ ಕಣಗಳು ಅಪ್ಪಳಿಸಿ ತಮ್ಮ ಆವೇಶವನ್ನು ಪ್ರೋಬಿಗೇ ಕೊಡುತ್ತವೆ. ಹಿಮದ ಕಣ ಒಡೆದು ಚೂರಾಗುವಾಗ ಪ್ರೋಬಿನಿಂದ ಇಲೆಕ್ಟ್ರಾನುಗಳನ್ನು ಹೊತ್ತೊಯ್ಯಲೂಬಹುದು. ಆಗ ಬಂದ ಸಂಕೇತ ಪ್ಲಾಸ್ಮಾದ್ದೋ ಧೂಳಿನದೋ ಎಂದು ಹೇಳುವುದೇ ಕಷ್ಟ. ತೀರ ಸಣ್ಣ ಕಣಗಳು ರಾಕೆಟ್ಟಿನ ಮುಂದೆ ಒತ್ತರಿಸಿದ ಗಾಳಿಯ ಜೊತೆ ಪಕ್ಕಕ್ಕೆ ಸರಿದುಹೋಗುವುದೂ ಉಂಟು.

ಪರಿಹಾರ ಏನು?

ಒಂದೇ ಉಪಕರಣವನ್ನು ನಂಬದಿರುವುದು. ನೆಲ ಮತ್ತು ರಾಕೆಟ್ಟಿನ ನಡುವೆ ರೇಡಿಯೋ ತರಂಗ ಕಳಿಸಿದರೆ, ಅದರಲ್ಲಾದ ಬದಲಾವಣೆಯಿಂದ ಬಿಡಿ ಇಲೆಕ್ಟ್ರಾನುಗಳ ಸಂಖ್ಯೆ ತಿಳಿಯುತ್ತದೆ. ರಾಕೆಟ್ಟಿನ ಆವೇಶ ಇದನ್ನು ಕೆಡಿಸದು. ಧನ ಅಯಾನುಗಳನ್ನು ಬೇರೆಯಾಗಿ ಅಳೆದು ಎರಡೂ ಲೆಕ್ಕ ತಾಳೆ ನೋಡಿದರೆ ಉಳಿದ ವ್ಯತ್ಯಾಸ ಬಹುಮಟ್ಟಿಗೆ ಧೂಳಿನದು. 1994ರಲ್ಲಿ ನಾರ್ವೆಯ ಆಂಡೋಯಾದಿಂದ ಹಾರಿದ ರಾಕೆಟ್‌ಗಳಲ್ಲಿ ಬಟ್ಟಲಿನಂಥ ಉಪಕರಣವಿತ್ತು. ಅದರ ಬಾಯಿಗಿದ್ದ ಜಾಲರಿಗಳು ಇಲೆಕ್ಟ್ರಾನು, ಅಯಾನುಗಳನ್ನು ತಡೆದು ಭಾರದ ಧೂಳನ್ನು ಮಾತ್ರ ಒಳಬಿಟ್ಟವು. ಆವೇಶ ಹೊತ್ತ ಧೂಳು ಅಲ್ಲಿರುವುದು ನೇರವಾಗಿ ಸಿದ್ಧವಾಯಿತು.

ಇದರಿಂದ ನಮಗೇನು?

ಹಗಲಲ್ಲಿ ಕೇಳದ ದೂರದ ಮೀಡಿಯಂ ವೇವ್ ರೇಡಿಯೋ ಕೇಂದ್ರ ರಾತ್ರಿ ಕೇಳಿಸುವುದನ್ನು ಹಳಬರು ಬಲ್ಲರು. ಹಗಲಲ್ಲಿ ಆ ತರಂಗಗಳನ್ನು ನುಂಗುವುದು ಇದೇ ಕೆಳ ಅಯಾನುಮಂಡಲ. ಸೂರ್ಯನಲ್ಲಿ ಸ್ಫೋಟವಾದಾಗ ಹಡಗು, ವಿಮಾನಗಳ ಶಾರ್ಟ್ ವೇವ್ ಸಂಪರ್ಕ ಕಡಿಯುವುದೂ ಇಲ್ಲಿಯೇ. ಇದನ್ನು ಮುಂಚಿತವಾಗಿ ಅಂದಾಜಿಸಲು ಬೇಕಾದ ಮಾದರಿಗಳು ಈ ಪದರದ ಮಟ್ಟಿಗೆ ಬಹಳವಾಗಿ ರಾಕೆಟ್ ಅಳತೆಗಳನ್ನೇ ನೆಚ್ಚಿವೆ. ಅಳತೆ ಕೆಲವೇ ನಿಮಿಷಗಳದ್ದು, ಮತ್ತೆ ರಾಕೆಟ್ ಹಾರುವುದು ಎಂದೋ. ಧೂಳಿನ ಲೆಕ್ಕ ಬಿಟ್ಟರೆ ಆ ತಪ್ಪು ಮಾದರಿಯಲ್ಲೇ ಉಳಿದುಬಿಡುತ್ತದೆ.