ನಿವೇಶನದ ಬೆಲೆ ಬೇರೆ, ಅಸಲು ಬೇರೆ

ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರು ಉಳಿತಾಯದ ಹಣವನ್ನು ಭೂಮಿಯಲ್ಲಿ ತೊಡಗಿಸುವುದು ಹೊಸದೇನಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ದಾರಿ ತೆರೆಯಿತು. ಆದರೆ ಪ್ರತಿ ಮೂಟೆಗೂ ಸಾಗಣೆ, ಹಮಾಲಿ, ಬಡ್ಡಿ ಸೇರಿಸಿ ಅಸಲು ಕಟ್ಟುವ ವರ್ತಕರೇ ನಿವೇಶನದ ವಿಷಯದಲ್ಲಿ ಮಾತ್ರ ಮಾತಾಡಿದ ಬೆಲೆಯನ್ನೇ ಅಸಲೆಂದು ಭಾವಿಸುವುದುಂಟು.

ಮಧುಗಿರಿ ಪುರಸಭೆಯ ವ್ಯಾಪ್ತಿಯಲ್ಲಿ ರೂ. 10 ಲಕ್ಷದ ನಿವೇಶನವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುದ್ರಾಂಕ ಶುಲ್ಕ ಶೇ. 5ರಂತೆ ರೂ. 50,000. ಆ ಶುಲ್ಕದ ಮೇಲೆ ಶೇ. 10 ಉಪಕರ ರೂ. 5,000, ಶೇ. 2 ಅಧಿಭಾರ ರೂ. 1,000. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆದುದರಿಂದ ರೂ. 20,000. ಒಟ್ಟು ರೂ. 76,000. ಮಾರ್ಗಸೂಚಿ ಬೆಲೆ ಹೆಚ್ಚಿದ್ದಲ್ಲಿ ಅದರ ಮೇಲೆಯೇ ಲೆಕ್ಕ. ದಲ್ಲಾಳಿ ಮತ್ತು ವಕೀಲರ ಶುಲ್ಕ ಬೇರೆ.

ಈ ರೂ. 10.76 ಲಕ್ಷವನ್ನು ಕಡಲೆಕಾಯಿ ವ್ಯಾಪಾರದ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆದಿದ್ದರೆ, ವಾರ್ಷಿಕ ಶೇ. 10ರ ಚಕ್ರಬಡ್ಡಿಯಂತೆ ಐದು ವರ್ಷಕ್ಕೆ ಅಸಲು ರೂ. 17.33 ಲಕ್ಷಕ್ಕೆ ಮುಟ್ಟುತ್ತದೆ. 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ಹಣದುಬ್ಬರದ ಸೂಚ್ಯಂಕದ ರಿಯಾಯಿತಿ ಇಲ್ಲ; ದೀರ್ಘಾವಧಿ ಲಾಭದ ಮೇಲೆ ಶೇ. 12.5, ಸೆಸ್ ಸೇರಿ ಶೇ. 13 ತೆರಿಗೆ. ಬಡ್ಡಿಯನ್ನು ಲಾಭದಲ್ಲಿ ಕಳೆಯದೆ ನೋಡಿದರೆ, ನಷ್ಟವಾಗದಿರಲು ಸುಮಾರು ರೂ. 18.30 ಲಕ್ಷಕ್ಕೆ ಮಾರಬೇಕು. ಹತ್ತು ಲಕ್ಷದ್ದು ಹದಿನೆಂಟಕ್ಕೆ ಹೋಯಿತೆಂದು ಸಿಹಿ ಹಂಚಿದವರ ಲೆಕ್ಕಪುಸ್ತಕದಲ್ಲಿ ವಾಸ್ತವವಾಗಿ ನಷ್ಟವೇ ಇರಬಹುದು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಮಾಲು ಮಾರುಕಟ್ಟೆಗೆ ಬರುವ ವೇಳೆಗೆ ಖಾತೆಯ ಮಿತಿ ಮುಗಿದಿರುವುದು. ದಾಸ್ತಾನಿನ ಆಧಾರದ ಮೇಲೆ ಸಾಲ ಕೊಟ್ಟ ಬ್ಯಾಂಕು ನಿವೇಶನವನ್ನು ದಾಸ್ತಾನೆಂದು ಒಪ್ಪುವುದಿಲ್ಲ. ನಿವೇಶನವೂ ವಾರದೊಳಗೆ ಮಾರಾಟವಾಗುವ ಸರಕಲ್ಲ.

ಮುಂಗಡವಾಗಿ ರೂ. 20,000 ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್ 1ರಿಂದ ನಿಷೇಧವಿದ್ದು, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಬಡಾವಣೆ ಮಾಡಹೊರಡುವವರ ತಪ್ಪು ಮೊದಲ ಭಾಗಾಕಾರದಲ್ಲಿಯೇ ಆಗುತ್ತದೆ. ಎಕರೆಗೆ 43,560 ಚದರ ಅಡಿ. 30×40ರ ನಿವೇಶನ 36 ಎಂದು ಎಣಿಸುತ್ತಾರೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಬಿಟ್ಟು ಶೇ. 55 ಉಳಿದರೆ ದೊರೆಯುವುದು 20ಕ್ಕೂ ತುಸು ಕಡಿಮೆ. ಎಕರೆಗೆ ರೂ. 60 ಲಕ್ಷ ಕೊಟ್ಟಿದ್ದರೆ ನಿವೇಶನವೊಂದಕ್ಕೆ ಬರಿಯ ನೆಲದ ಅಸಲೇ ರೂ. 3 ಲಕ್ಷ, ರೂ. 1.67 ಲಕ್ಷವಲ್ಲ. ಭೂಪರಿವರ್ತನೆ, ಚರಂಡಿ, ವಿದ್ಯುತ್ ಕಂಬ, ನೀರಿನ ಕೊಳವೆ ಅದರ ಮೇಲೆ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ.

ಎಲ್ಲಕ್ಕಿಂತ ದುಬಾರಿಯಾದುದು ದಾಖಲೆಯ ದೋಷ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಅಸಿಂಧು. ಜಮೀನನ್ನು ಹಿಂಪಡೆದು ಮೂಲ ಮಂಜೂರಾತಿದಾರರಿಗೆ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಿದೆ. ನ್ಯಾಯೋಚಿತ ಕಾಲಾವಧಿಯೊಳಗೆ ಕ್ರಮವಾಗಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು; 2023ರ ತಿದ್ದುಪಡಿ ಆ ಕಾಲಮಿತಿಯನ್ನು ತೆಗೆದುಹಾಕಿತು. ಹದಿಮೂರು ವರ್ಷದ ಋಣಭಾರ ಪತ್ರ ನೋಡಿ ತೃಪ್ತರಾಗುವವರಿಗೆ ಇದು ಕಾಣುವುದೇ ಇಲ್ಲ. ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಹಳೆಯ ಕೈಬರಹದ ಪಹಣಿಗಳವರೆಗೆ ಹಿಂದಕ್ಕೆ ಹೋಗತಕ್ಕದ್ದು. ಪಂಚಾಯಿತಿ ನಿವೇಶನವಾದರೆ ಇ-ಸ್ವತ್ತು ನಮೂನೆ 9ನ್ನು ಕೈಯಲ್ಲಿ ಹಿಡಿದೇ ಮುಂಗಡ ಕೊಡುವುದು ಕ್ಷೇಮ.

ಒಣಭೂಮಿಯ ಆದಾಯವನ್ನು ಅಳೆಯಲು ಪಾವಗಡದಲ್ಲಿಯೇ ಒಂದು ಅಳತೆಗೋಲಿದೆ. ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ, 2019ರಲ್ಲಿ ಪೂರ್ಣಗೊಂಡ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ರೈತರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ ರೂ. 21,000, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಶೇ. 10ರ ಬಡ್ಡಿಯಲ್ಲಿ ಆ ಆರಂಭದ ಆದಾಯಕ್ಕೆ ಸಮನಾದ ಬಂಡವಾಳ ರೂ. 2.10 ಲಕ್ಷ. ಅಂತಹುದೇ ಭೂಮಿಗೆ ಎಕರೆಗೆ ರೂ. 10 ಲಕ್ಷ ತೆತ್ತವರಿಗೆ, ಗುತ್ತಿಗೆದಾರರು ಸಿಕ್ಕರೂ, ಆ ದರದಲ್ಲಿ ಬರುವುದು ಶೇ. 2.1. ಬೆಲೆ ಏರದ ವರ್ಷಗಳಲ್ಲಿ ಉಳಿದ ಶೇ. 7.9ನ್ನು ಅಂಗಡಿಯ ದುಡಿಮೆಯಿಂದಲೇ ತುಂಬಬೇಕಾಗುತ್ತದೆ.