ಕಡಲಾಚೆಯ ದೇಣಿಗೆ, ಚಳ್ಳಕೆರೆಯ ಶಾಲೆ: ವರ್ಷದ ಲೆಕ್ಕ ಓದುವ ಬಗೆ

ಇಂಗ್ಲೆಂಡಿನ ಯಾವುದೋ ಊರಿನ ಚರ್ಚಿನಲ್ಲಿ ಭಾನುವಾರ ಕೂಡಿದ ಕಾಣಿಕೆ ಮೊಳಕಾಲ್ಮುರಿನ ಮಿಷನ್ ಶಾಲೆಯ ಮೇಷ್ಟರ ಸಂಬಳವಾಗಬೇಕಾದರೆ ದೆಹಲಿಯನ್ನು ಹಾದೇ ಬರಬೇಕು. ಎಲ್ಲರೂ ಎಫ್‌ಸಿಆರ್‌ಎ ಎನ್ನುವ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ಹೊರದೇಶದ ದೇಣಿಗೆ ಮೊದಲು ಇಳಿಯುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಸಂಸ್ಥೆ ತೆರೆದ ಖಾತೆಗೆ. ಅಲ್ಲಿಂದ ಚಳ್ಳಕೆರೆಯದೋ ಚಿತ್ರದುರ್ಗದ್ದೋ ಬ್ಯಾಂಕಿಗೆ ವರ್ಗಾಯಿಸಿಕೊಂಡು ಖರ್ಚು ಮಾಡಬಹುದು. ಊರಿನವರು ಕೊಟ್ಟ ಹಣವನ್ನು ಈ ಖಾತೆಗಳಿಗೆ ಬೆರೆಸುವಂತಿಲ್ಲ.

ಅದೇ ತಿದ್ದುಪಡಿ ಇನ್ನೊಂದು ದಾರಿಯನ್ನೂ ಮುಚ್ಚಿತು. ಮೊದಲು ನಗರದ ದೊಡ್ಡ ಸಂಸ್ಥೆಯೊಂದು ಹಣ ತರಿಸಿಕೊಂಡು ಹಳ್ಳಿಯ ಚಿಕ್ಕ ಸಂಸ್ಥೆಗೆ ಹಂಚಬಹುದಿತ್ತು. ಈಗ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಶಾಲೆ ಆ ದೊಡ್ಡ ಸಂಸ್ಥೆಯದೇ ಆಗಿದ್ದರೆ ತೊಂದರೆಯಿಲ್ಲ. ಬೇರೆ ಸೊಸೈಟಿಯದಾಗಿದ್ದರೆ ಅದು ತಾನೇ ನೋಂದಣಿ ಮಾಡಿಸಬೇಕು, ಇಲ್ಲವೇ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕು. ನೋಂದಣಿಯ ಆಯುಷ್ಯ ಐದು ವರ್ಷ. ನವೀಕರಣ ತಪ್ಪಿದರೆ ದಾನಿಯ ಮನಸ್ಸು ಎಷ್ಟೇ ದೊಡ್ಡದಿದ್ದರೂ ಹಣ ಬರುವುದಿಲ್ಲ.

ನಮ್ಮೂರಿನಿಂದ ಅಮೆರಿಕಕ್ಕೆ ಹೋದವರು ತಮ್ಮ ಶಾಲೆಗೆ ಕೊಡಬಯಸಿದರೆ? ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ದುಡಿಮೆಯ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸದು. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ, ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ.

ಇನ್ನು ವರ್ಷದ ವರದಿ. ಮಿಷನ್ ಶಾಲೆಗಳಿಗೆ ಇದು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಕೆಲಸದ ವಾರ್ಷಿಕ ವರದಿಯನ್ನು ಅಚ್ಚು ಹಾಕಿಸುತ್ತಿತ್ತು. ಇಂದು ಇಂಗ್ಲೆಂಡಿನ ದಾನಸಂಸ್ಥೆ ಅಲ್ಲಿನ ಚಾರಿಟಿ ಕಮಿಷನ್‌ಗೆ ಲೆಕ್ಕ ಒಪ್ಪಿಸಬೇಕು, ಇಲ್ಲಿನ ಶಾಲಾ ಸಂಸ್ಥೆ ಎಫ್‌ಸಿ-4 ಎಂಬ ನಮೂನೆಯನ್ನು ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ಒಂದು ರೂಪಾಯಿ ಬಾರದ ವರ್ಷವೂ ಸಲ್ಲಿಸಬೇಕು. ಬಂದ ವಿದೇಶಿ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರಬಾರದು. 2020ಕ್ಕೆ ಮೊದಲು ಈ ಮಿತಿ ಶೇ 50 ಇತ್ತು. ಪಾಠ ಹೇಳುವ ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ. ನನ್ನ ಮಟ್ಟಿಗೆ ಕಾಯ್ದೆಯ ಒಳ್ಳೆಯ ಮಾತು ಇದು, ಏಕೆಂದರೆ ಶಾಲೆ ನಿಲ್ಲುವುದೇ ಮೇಷ್ಟರ ಮೇಲೆ.

ಹಣದ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಪ್ರಗತಿ ಆಯಿತೆನ್ನಲಾಗದು. ವರದಿಗಳಲ್ಲಿ ಹೊಸ ಕೊಠಡಿ, ಹೊಸ ಬೆಂಚು, ಸಮವಸ್ತ್ರದ ಮಕ್ಕಳ ಫೋಟೊ ತಪ್ಪದೆ ಇರುತ್ತವೆ. ನಾನು ಮೊದಲು ಹುಡುಕುವುದು ಹಾಜರಾತಿಯನ್ನು. ದೇಶದ ಶಾಲೆಗಳ ಮಾಹಿತಿ ಕಲೆಹಾಕುವ ಯುಡೈಸ್ ವ್ಯವಸ್ಥೆಯಲ್ಲಿ ದಾಖಲಾತಿ ಎಣಿಸುವ ದಿನ ಸೆಪ್ಟೆಂಬರ್ 30. ನಮ್ಮ ಸೀಮೆಯಲ್ಲಿ ಮಳೆಗಾಲದ ಶೇಂಗಾ ಕೀಳುವುದು ಅದರ ನಂತರ, ಅಕ್ಟೋಬರ್-ನವೆಂಬರಿನಲ್ಲಿ. ಮಕ್ಕಳು ಹೊಲಕ್ಕೆ ಹೋಗುವುದು ಆಗ. ಬೆಳೆ ಕೈಕೊಟ್ಟ ವರ್ಷ ಅಪ್ಪ ಅವ್ವನ ಜೊತೆ ಗುಳೆ ಹೊರಡುವುದು ಅದಾದ ಮೇಲೆ. ಸೆಪ್ಟೆಂಬರಿನ ಪಟ್ಟಿಯಲ್ಲಿ ತುಂಬಿರುವ ತರಗತಿ ಫೆಬ್ರುವರಿಯಲ್ಲಿ ಬರಿದಾಗಿರಬಹುದು.

ಹಾಗಾಗಿ ದಾನಿಯಾಗಲಿ ಪೋಷಕರಾಗಲಿ ಕೇಳಬೇಕಾದ ಅಂಕಿ ಬೇರೆ. ನವೆಂಬರಿನಲ್ಲಿ, ಫೆಬ್ರುವರಿಯಲ್ಲಿ ದಿನಕ್ಕೆ ಎಷ್ಟು ಮಕ್ಕಳು ಬಂದರು? ಗೊಲ್ಲರಹಟ್ಟಿ, ತಾಂಡಾಗಳಿಂದ ಒಂದನೇ ತರಗತಿಗೆ ಸೇರಿದವರಲ್ಲಿ ಹತ್ತನೇ ತರಗತಿ ಮುಟ್ಟಿದವರೆಷ್ಟು, ಅದರಲ್ಲಿ ಹೆಣ್ಣುಮಕ್ಕಳೆಷ್ಟು? ಆಂಧ್ರದ ಗಡಿಯೂರುಗಳಲ್ಲಿ ಮನೆಯೊಳಗೆ ತೆಲುಗಾಡುವ ಮಗು ಮೂರನೇ ತರಗತಿಗೆ ಕನ್ನಡ ಓದುತ್ತಿದೆಯೇ? ಮೇಷ್ಟರು ಎಷ್ಟು ವರ್ಷ ನಿಂತರು? ಗುಳೆ ಹೋಗುವವರ ಮಕ್ಕಳನ್ನು ಇರಿಸಿಕೊಳ್ಳಲು ಹಾಸ್ಟೆಲ್ಲಿಗೆ ಮಾಡಿದ ಖರ್ಚು ಹೊಸ ಗೇಟಿಗೆ ಮಾಡಿದ ಖರ್ಚಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ವರದಿ ಇಂಗ್ಲಿಷಿನಲ್ಲಿ ಬರೆದು ಕಡಲಾಚೆಗೆ ಹೋಗುತ್ತದೆ. ಯಾರ ಮಕ್ಕಳ ಬಗ್ಗೆ ಬರೆದದ್ದೋ ಅವರ ಕೈಗೆ ಸಿಗುವುದು ಅಪರೂಪ. ಎಫ್‌ಸಿ-4 ಸಲ್ಲಿಸಲು ಡಿಸೆಂಬರ್ 31 ಕೊನೆಯ ದಿನ. ಶಾಲೆ ನಡೆಸುವವರಲ್ಲಿ ನನ್ನ ವಿನಂತಿ: ಅದಕ್ಕೂ ಮೊದಲು, ಶೇಂಗಾ ಸುಗ್ಗಿ ಮುಗಿದ ಒಂದು ಸಂಜೆ, ಪೋಷಕರನ್ನು ಕರೆದು ಅದೇ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ.