ಹೊಲಕ್ಕಿಳಿಯುವ ಲಾರಿಗೆ ತಕ್ಕ ಟೈರುಗಳು

ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದ ತರುವಾಯ ನಾಲೆಯ ಬಯಲಿನಲ್ಲಿ ಕಬ್ಬಿನ ಬೇಸಾಯವು ಹಬ್ಬಿತು. ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದ ಕಬ್ಬು ಕಾಲಕ್ರಮದಲ್ಲಿ ಲಾರಿ, ಟ್ರಾಕ್ಟರುಗಳನ್ನೂ ಏರಿತು. ಕಡಿದ ಕಬ್ಬು ಬಿದ್ದಿರುವಷ್ಟು ಹೊತ್ತೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದೆಂಬುದು ರೈತರೆಲ್ಲರೂ ಬಲ್ಲ ಸಂಗತಿ. ಅಂಥ ವೇಳೆಯಲ್ಲಿ ತುಂಬಿದ ಲಾರಿಯು ಅಚ್ಚಿನವರೆಗೆ ಹೂತುಕೊಂಡರೆ ನಷ್ಟವು ಲಾರಿಯವನಿಗೆ ಮಾತ್ರವಲ್ಲ. ಎಂಜಿನ್ನಿನ ಶಕ್ತಿ ಸಾಲದೆಂದು ಚಾಲಕನು ಹೇಳುವುದುಂಟು. ಶಕ್ತಿಯು ಬೇಕಾದಷ್ಟಿರುತ್ತದೆ, ನೆಲದ ಹಿಡಿತವೇ ಸಾಲದು.

ಟೈರು ನೆಲವನ್ನು ಒತ್ತುವ ಒತ್ತಡವು ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಚದರ ಅಂಗುಲಕ್ಕೆ 100 ಪೌಂಡು ಗಾಳಿಯುಳ್ಳ ಲಾರಿಯ ಟೈರು ಒಂದು ಟನ್ನು ಭಾರವನ್ನು ಹೊತ್ತರೆ, ಅದು ನೆಲವನ್ನು ಮುಟ್ಟುವುದು ಸುಮಾರು 22 ಚದರ ಅಂಗುಲದಲ್ಲಿ, ಅಂದರೆ ಬೆರಳು ಸಹಿತ ಒಂದು ಕೈಯಗಲದಲ್ಲಿ. ಅದೇ ಭಾರವನ್ನು 15 ಪೌಂಡು ಗಾಳಿಯುಳ್ಳ ಟ್ರಾಕ್ಟರಿನ ಹಿಂದಿನ ಟೈರು ಒಂದಡಿ ಉದ್ದಗಲದ ಮಣೆಯಷ್ಟು ಜಾಗಕ್ಕೆ ಹರಡುತ್ತದೆ. ಹಿಂದೆ ಟ್ರಾಕ್ಟರುಗಳಿಗೆ ಮೊಳೆಗಳುಳ್ಳ ಕಬ್ಬಿಣದ ಚಕ್ರಗಳಿದ್ದವು. 1932ರಲ್ಲಿ ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿಯು ಗಾಳಿಯ ಟೈರುಗಳ ಟ್ರಾಕ್ಟರನ್ನು ಮಾರಾಟಕ್ಕೆ ತಂದಾಗ ಅನೇಕರು ನಕ್ಕರಂತೆ. ಕೆಲವೇ ವರ್ಷಗಳಲ್ಲಿ ಕಬ್ಬಿಣದ ಚಕ್ರವೇ ಹಿಂದೆ ಸರಿಯಿತು.

ಹಾಗಾದರೆ ಲಾರಿಯ ಗಾಳಿಯನ್ನೂ ಇಳಿಸಬಹುದಲ್ಲವೇ ಎಂದು ಕೇಳಬಹುದು. ಒಂಟಿ ಅಗಲ ಟೈರಿನ ಹಗುರ ವಾಹನಕ್ಕೆ ಇದು ಒಳ್ಳೆಯ ಉಪಾಯ. ನಿಧಾನವಾಗಿ ನಡೆಸಿ, ಡಾಂಬರು ರಸ್ತೆ ಸೇರುವ ಮೊದಲೇ ಗಾಳಿ ತುಂಬತಕ್ಕದ್ದು. ಜೋಡಿ ಟೈರುಗಳ ತುಂಬಿದ ಲಾರಿಗಾದರೋ ಇದು ಸಲ್ಲದು. ಗಾಳಿಯಿಳಿದರೆ ಎರಡು ಟೈರುಗಳ ಪಕ್ಕೆಗಳು ಒಂದಕ್ಕೊಂದು ಉಜ್ಜಿ, ಕಾವೇರಿ, ಹರಿದುಹೋಗುತ್ತವೆ. ಆದುದರಿಂದ ಹಸಿ ಗದ್ದೆಯೊಳಕ್ಕೆ ಲಾರಿಯನ್ನು ಇಳಿಸದೆ, ಟ್ರಾಕ್ಟರಿನ ಟ್ರೈಲರಿನಲ್ಲಿ ಗಟ್ಟಿ ದಾರಿಯವರೆಗೆ ಕಬ್ಬನ್ನು ತಂದು ಅಲ್ಲಿ ತುಂಬುವುದೇ ಮೇಲು. ಲಾರಿಯ ಗಾಲಿ ಅದುಮಿದ ಸಾಲಿನಲ್ಲಿ ಮುಂದಿನ ಕೂಳೆ ಬೆಳೆಯು ಸೊರಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಟೈರಿನ ಮೇಲ್ಮೈಯನ್ನು ನೆಲ ನೋಡಿ ಆರಿಸಬೇಕು. ಎರೆಭೂಮಿಗೆ ಎತ್ತರವಾದ, ದೂರದೂರವಿರುವ ಪಟ್ಟೆಗಳು ಬೇಕು. ಒತ್ತಾಗಿದ್ದರೆ ಎರಡು ಸುತ್ತಿನಲ್ಲಿಯೇ ಮಣ್ಣು ಮೆತ್ತಿ ಟೈರು ರಾಗಿ ಮುದ್ದೆಯಂತೆ ನುಣ್ಣಗಾಗುತ್ತದೆ. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರವು ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ಮರಳಿನಲ್ಲಿ ಇದೇ ಪಟ್ಟೆಗಳು ಗುಂಡಿ ತೋಡುತ್ತವೆ. ಅಲ್ಲಿ ನಯವಾದ ಅಗಲ ಟೈರೇ ವಾಸಿ. ಕಲ್ಲು ಮೊರಂಬಿನ ದಾರಿಗೆ ಒತ್ತಾದ, ದಪ್ಪ ರಬ್ಬರಿನದು ಸಾಕು. ಕಬ್ಬಿನ ಕೂಳೆಯ ಮೊನೆಗಳು ಪಕ್ಕೆಯನ್ನೇ ಚುಚ್ಚುವುದರಿಂದ ಪಕ್ಕೆಯ ಬಲವನ್ನು ಮುಖ್ಯವಾಗಿ ವಿಚಾರಿಸಿರಿ.

ಸಾಧನಗಳಲ್ಲಿ ಮೊದಲನೆಯದು ಡಿಫರೆನ್ಷಿಯಲ್ ಲಾಕು. ಇದಿಲ್ಲದಿದ್ದರೆ ಕೆಸರಿನ ಚಕ್ರವು ಸುಮ್ಮನೆ ಸುತ್ತುತ್ತ, ಗಟ್ಟಿ ನೆಲದ ಚಕ್ರವು ನಿಂತೇಬಿಡುತ್ತದೆ. ತಿರುವಿಗೆ ಮುಂಚೆ ಲಾಕನ್ನು ಬಿಡಿಸತಕ್ಕದ್ದು. ಸರಪಳಿಗಳನ್ನು ಎಂಜಿನ್ನು ತಿರುಗಿಸುವ ಚಕ್ರಗಳಿಗೆ ಎರಡು ಕಡೆಗೂ ಸಮನಾಗಿ ಬಿಗಿಯಬೇಕು; ಡಾಂಬರಿನ ಮೇಲೆ ಕೂಡದು. ಬಡವನಿಗೆ ಹಲಗೆಗಳೂ ಕಬ್ಬಿನ ತರಗೂ ಉಂಟು, ಆದರೆ ಚಕ್ರವು ಹೂಳುವ ಮುನ್ನ ಹಾಸಿದರೆ ಮಾತ್ರ.

ಹೂತ ಲಾರಿಯನ್ನು ಎಳೆಯುವುದರಲ್ಲಿ ಪ್ರಾಣಹಾನಿಯ ಭಯವಿದೆ. ಹಗ್ಗವನ್ನು ಟ್ರಾಕ್ಟರಿನ ಹಿಂದಣ ಅಚ್ಚಿಗಿಂತ ಮೇಲೆ ಎಂದಿಗೂ ಕಟ್ಟಕೂಡದು. ಹಾಗೆ ಕಟ್ಟಿ ಜಗ್ಗಿದರೆ ಮುಂಭಾಗವು ಮೇಲೆದ್ದು ಟ್ರಾಕ್ಟರು ಚಾಲಕನ ಮೇಲೆಯೇ ಮಗುಚುತ್ತದೆ, ಜಿಗಿಯಲು ಅವಕಾಶವಿರುವುದಿಲ್ಲ. ಕೆಳಗಿನ ಎಳೆಯುವ ಪಟ್ಟಿಗೆ ಕಟ್ಟಿ ಮೆಲ್ಲನೆ ಎಳೆಯಿರಿ. ಹುಕ್ಕು ಕಿತ್ತರೆ ಗುಂಡಿನಂತೆ ಹಾರುತ್ತದೆ. ಆದುದರಿಂದ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಜನರನ್ನು, ವಿಶೇಷವಾಗಿ ನೋಡಲು ನೆರೆಯುವ ಹುಡುಗರನ್ನು, ಊರಿನ ಮುಖಂಡರು ಕಳುಹಿಸತಕ್ಕದ್ದು.

ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕೆಗಳನ್ನು ಓದಿರಿ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಬಿಸಿಲಲ್ಲಿ ಬಿರಿದ ಹಳೆಯ ಟೈರಿಗೆ ಪಟ್ಟೆಯು ಆಳವಾಗಿದ್ದರೂ ದುಡ್ಡು ಕೊಡಬೇಡಿರಿ. ಹೊಸ ಪಟ್ಟೆ ಅಂಟಿಸಿದ ಟೈರನ್ನು ಹಿಂದಿನ ಚಕ್ರಕ್ಕೆ ಬಳಸಬಹುದು, ಮುಂದಿನದಕ್ಕೆ ಬೇಡ.